ಗೇಮ್ ತಯಾರಿಕೆ: ಹೊಸಬರಿಗೆ ತಕ್ಕ ತಂತ್ರಾಂಶಗಳು ಮತ್ತು ಭಾಷೆಗಳು

ಕಂಪ್ಯೂಟರ್, ಮೊಬೈಲ್ ಅಥವಾ ಬ್ರೌಸರ್‌ನಲ್ಲಿ ಆಡುವ ಆಟಗಳನ್ನು ತಾವೇ ರೂಪಿಸಲು ಹೊರಟವರು ಮೊದಲಿಗೆ ಬಳಸಬಹುದಾದ ಸಾಧನಗಳ ಸಮೀಕ್ಷೆ ಇದು. ಇವುಗಳಲ್ಲಿ ನಾಲ್ಕು ಬಗೆಗಳಿವೆ: ಬಣ್ಣದ ತುಂಡುಗಳನ್ನು ಜೋಡಿಸಿ ಕೋಡ್ ಕಟ್ಟುವ ಬ್ಲಾಕ್ ಭಾಷೆಗಳು; ಕೋಡ್ ಬರೆಯದೆ ಅಥವಾ ಅಲ್ಪಸ್ವಲ್ಪ ಬರೆದು ಆಟ ಮಾಡಬಹುದಾದ ತಂತ್ರಾಂಶಗಳು; ಪೈಥಾನ್, ಲುವಾ, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳು ಮತ್ತು ಅವುಗಳ ಜೊತೆಗಿನ ಗೇಮ್ ಲೈಬ್ರರಿಗಳು (ಸಿದ್ಧ ಕೋಡಿನ ಸಂಗ್ರಹಗಳು); ಗೊಡೊ, ಯೂನಿಟಿ, ಅನ್‌ರಿಯಲ್‌ನಂಥ ಪೂರ್ಣ ಪ್ರಮಾಣದ ಎಂಜಿನ್‌ಗಳು (ಆಟ ಕಟ್ಟುವ ಸಲಕರಣೆಗಳೆಲ್ಲ ಒಂದೆಡೆ ಇರುವ ತಂತ್ರಾಂಶಗಳು). ಎಲ್ಲರಿಗೂ ಒಪ್ಪುವ ಒಂದೇ ಸಾಧನ ಇಲ್ಲ. ಕಲಿಯುವವರು ಯಾವ ಆಟವನ್ನು ಮೊದಲು ಮುಗಿಸಬೇಕೆಂದಿದ್ದಾರೆ, ಅವರ ಕೈಯಲ್ಲಿರುವ ಯಂತ್ರ ಯಾವುದು ಎಂಬುದರ ಮೇಲೆ ಆಯ್ಕೆ ನಿಂತಿದೆ.

ಹಿನ್ನೆಲೆ

ಆಟ ಬರೆಯುತ್ತ ಪ್ರೋಗ್ರಾಮಿಂಗ್ ಕಲಿಯುವ ರೂಢಿ ಹಳೆಯದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರಲ್ಲಿ ಬೇಸಿಕ್ ಭಾಷೆಯನ್ನು ರೂಪಿಸಿದ್ದು, ಗಣಿತ ಮತ್ತು ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಕಂಪ್ಯೂಟರ್ ಎಟುಕಬೇಕು ಎಂಬ ಉದ್ದೇಶದಿಂದ. 1967ರಲ್ಲಿ ವಾಲಿ ಫೊಯರ್ಟ್ಸೈಗ್, ಸೀಮರ್ ಪ್ಯಾಪರ್ಟ್ ಮತ್ತು ಸಿಂಥಿಯಾ ಸಾಲಮನ್ ಮಕ್ಕಳಿಗಾಗಿ ಲೋಗೊ ಭಾಷೆಯನ್ನು ತಂದರು. ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಹೇಳಿ ಚಿತ್ರ ಬರೆಸುವ ಆ ಪದ್ಧತಿಯ ಗುರುತು ಇಂದಿನ ಬ್ಲಾಕ್ ಭಾಷೆಗಳಲ್ಲೂ ಉಳಿದಿದೆ.

ಡೇವಿಡ್ ಆಲ್ 1973ರಲ್ಲಿ ಬೇಸಿಕ್ ಆಟಗಳ ಒಂದು ಸಂಕಲನವನ್ನು ಹೊರತಂದರು. ಅದರ 1978ರ ಪರಿಷ್ಕೃತ ರೂಪವು ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಕಂಪ್ಯೂಟರ್ ಪುಸ್ತಕ ಎನಿಸಿತು. ಓದುಗರು ಅದರಲ್ಲಿ ಅಚ್ಚಾಗಿದ್ದ ಕೋಡನ್ನು ಸಾಲು ಸಾಲಾಗಿ ಟೈಪ್ ಮಾಡಿ, ತಪ್ಪು ಹುಡುಕಿ ತಿದ್ದಿ, ಬೇಕಾದಂತೆ ಬದಲಿಸಿ ಆಡುತ್ತಿದ್ದರು. 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರ್ ಚಾಲೂ ಮಾಡಿದೊಡನೆ ಬೇಸಿಕ್ ಸಿದ್ಧವಾಗಿರುತ್ತಿತ್ತು. 1984–85ರಲ್ಲಿ ಭಾರತ ಸರ್ಕಾರ ಶಾಲೆಗಳಿಗಾಗಿ ಆರಂಭಿಸಿದ ಕ್ಲಾಸ್ ಯೋಜನೆಯಲ್ಲಿ ಬಳಸಿದ್ದೂ ಇದೇ ಯಂತ್ರಗಳನ್ನು.

ತೊಂಬತ್ತರ ದಶಕದಲ್ಲಿ ಆಟಗಳು ಬೃಹತ್ತಾದವು. ಆಟ ತಯಾರಿಕೆ ಸಿ ಮತ್ತು ಸಿ++ ಬಲ್ಲ ತಂಡಗಳಿಗೆ ಮಾತ್ರ ಸಾಧ್ಯವಾಗುವ ಕೆಲಸ ಎಂಬಂತಾಯಿತು. ಹೊಸಬರಿಗೂ ಅಂಥ ತಂಡಗಳಿಗೂ ನಡುವಿನ ಈ ಅಂತರವನ್ನು ತುಂಬುವ ಯತ್ನಗಳಲ್ಲಿ ಎರಡು ಮುಖ್ಯವಾದವು. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ ಮುಂದೆ ಗೇಮ್‌ಮೇಕರ್ ಎಂದು ಹೆಸರಾಯಿತು. ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿದ ಸ್ಕ್ರ್ಯಾಚ್ 2007ರಲ್ಲಿ ಸಾರ್ವಜನಿಕರಿಗೆ ದೊರೆಯಿತು.

ಎಲ್ಲ ಆಟಗಳಿಗೂ ಸಾಮಾನ್ಯವಾದ ಒಳರಚನೆ

ಸಾಧನ ಯಾವುದೇ ಇರಲಿ, ಆಟದ ಒಳಗೆ ನಡೆಯುವುದು ಒಂದೇ ಬಗೆಯ ಕೆಲಸ. ಪ್ರೋಗ್ರಾಮ್ ಒಂದು ಸುತ್ತನ್ನು ನಿಲ್ಲದೆ ತಿರುಗಿಸುತ್ತಿರುತ್ತದೆ: ಯಾವ ಕೀಲಿ ಒತ್ತಲಾಗಿದೆ ಎಂದು ನೋಡುವುದು, ಅದಕ್ಕೆ ತಕ್ಕಂತೆ ಪಾತ್ರಗಳ ಸ್ಥಾನ ಬದಲಿಸುವುದು, ಯಾವುದು ಯಾವುದಕ್ಕೆ ತಾಗಿತು ಎಂದು ಪರೀಕ್ಷಿಸುವುದು, ಅಂಕ ಮತ್ತು ಜೀವಗಳ ಲೆಕ್ಕ ಸರಿಪಡಿಸುವುದು, ಹೊಸ ಚಿತ್ರ ಬಿಡಿಸುವುದು. ಇದನ್ನು ಗೇಮ್ ಲೂಪ್ ಎನ್ನುತ್ತಾರೆ. ಕಲಿಯುವವರು ಒಂದು ಸಾಧನದಲ್ಲಿ ಈ ಸುತ್ತನ್ನು ಚೆನ್ನಾಗಿ ಅರಿತರೆ ಮತ್ತೊಂದಕ್ಕೆ ಹೋಗುವಾಗ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಸಾಧನದ ಆಯ್ಕೆಯ ಬಗ್ಗೆ ತಿಂಗಳುಗಟ್ಟಲೆ ಚಿಂತಿಸುವುದು ಅನವಶ್ಯಕ ಎನ್ನಲು ಮುಖ್ಯ ಕಾರಣ ಇದೇ.

ಪಾತ್ರ ನೆಗೆಯುವ ಬಗೆಯನ್ನೇ ತೆಗೆದುಕೊಳ್ಳಬಹುದು. ಸ್ಕ್ರ್ಯಾಚ್‌ನಲ್ಲಿ ‘ವೇಗ’ ಎಂಬ ವೇರಿಯಬಲ್ (ಬದಲಾಗುವ ಸಂಖ್ಯೆಯನ್ನು ಹಿಡಿದಿಡುವ ಹೆಸರು) ಇಟ್ಟುಕೊಂಡು, ಸ್ಪೇಸ್ ಕೀಲಿ ಒತ್ತಿದಾಗ ಅದನ್ನು 12 ಮಾಡಬೇಕು. ಪ್ರತಿ ಸುತ್ತಿನಲ್ಲೂ ಪಾತ್ರವನ್ನು ‘ವೇಗ’ದಷ್ಟು ಮೇಲಕ್ಕೆ ಸರಿಸಿ, ಬಳಿಕ ‘ವೇಗ’ದಿಂದ 1 ಕಳೆಯಬೇಕು. ಮೊದಲ ಸುತ್ತಿನಲ್ಲಿ ಪಾತ್ರ 12 ಹೆಜ್ಜೆ ಏರುತ್ತದೆ, ಎರಡನೆಯದರಲ್ಲಿ 11, ಆಮೇಲೆ 10. ಹೀಗೆ ಒಟ್ಟು 78 ಹೆಜ್ಜೆ ಏರಿ, ವೇಗ ಸೊನ್ನೆಯಾದಾಗ ಒಂದು ಗಳಿಗೆ ನಿಂತು, ನಂತರ ಋಣ ಸಂಖ್ಯೆಗಳ ಬಲದಿಂದ ಹಿಮ್ಮುಖ ಕ್ರಮದಲ್ಲಿ ಕೆಳಗಿಳಿಯುತ್ತದೆ. ಸ್ಕ್ರ್ಯಾಚ್ ಸೆಕೆಂಡಿಗೆ 30 ಸುತ್ತು ತಿರುಗುವುದರಿಂದ 25 ಸುತ್ತುಗಳ ಈ ನೆಗೆತಕ್ಕೆ ಸುಮಾರು 0.83 ಸೆಕೆಂಡು ಹಿಡಿಯುತ್ತದೆ. 12ರ ಜಾಗದಲ್ಲಿ 15 ಇಟ್ಟರೆ ನೆಗೆತ 120 ಹೆಜ್ಜೆಗೆ ಏರುತ್ತದೆ. ಗುರುತ್ವಾಕರ್ಷಣೆಯ ಪಾಠವನ್ನು ವಿದ್ಯಾರ್ಥಿ ಇಲ್ಲಿ ಬೆರಳ ತುದಿಯಲ್ಲಿ ಕಲಿಯುತ್ತಾನೆ. ಇದೇ ಲೆಕ್ಕ ಪೈಥಾನ್‌ನಲ್ಲೂ ಗೊಡೊದಲ್ಲೂ ಹೆಚ್ಚು ಬದಲಾವಣೆಯಿಲ್ಲದೆ ನಡೆಯುತ್ತದೆ.

ಬ್ಲಾಕ್ ಭಾಷೆಗಳು

ಸ್ಕ್ರ್ಯಾಚ್‌ನಲ್ಲಿ ಆದೇಶಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಬ್ಲಾಕ್‌ಗಳ ರೂಪದಲ್ಲಿರುತ್ತವೆ. ಹೊಂದದ ಬ್ಲಾಕ್ ಕೂರುವುದೇ ಇಲ್ಲ. ಹಾಗಾಗಿ ಕಾಗುಣಿತ ತಪ್ಪಿಯೋ ಆವರಣ ಚಿಹ್ನೆ ಬಿಟ್ಟುಹೋಗಿಯೋ ಪ್ರೋಗ್ರಾಮ್ ನಿಂತುಹೋಗುವ ಕಾಟ ಇಲ್ಲ. ಮಗುವಿನ ಗಮನವೆಲ್ಲ ತರ್ಕದ ಮೇಲೆ ಇರುತ್ತದೆ. ಪಾತ್ರಗಳನ್ನು ಸ್ಪ್ರೈಟ್ ಎಂದೂ ಅವು ಓಡಾಡುವ ಜಾಗವನ್ನು ಸ್ಟೇಜ್ ಎಂದೂ ಕರೆಯುತ್ತಾರೆ. ಸ್ಟೇಜಿನ ಅಗಲ 480, ಎತ್ತರ 360. ಸೊನ್ನೆ ನಟ್ಟನಡುವೆ ಇರುವುದರಿಂದ ಎಡಕ್ಕೆ −240, ಬಲಕ್ಕೆ 240, ಮೇಲಕ್ಕೆ 180, ಕೆಳಕ್ಕೆ −180. ಶಾಲೆಯ ಗ್ರಾಫ್ ಹಾಳೆಯ ನಿರ್ದೇಶಾಂಕಗಳಿಗೆ ಇಲ್ಲಿ ನೇರ ಉಪಯೋಗ ಸಿಗುತ್ತದೆ.

2019ರ ಜನವರಿಯಲ್ಲಿ ಬಂದ ಮೂರನೆಯ ಆವೃತ್ತಿ ಟ್ಯಾಬ್ಲೆಟ್‌ಗಳಲ್ಲೂ ನಡೆಯುತ್ತದೆ. ಇಂಟರ್‌ನೆಟ್ ಇಲ್ಲದ ಕಡೆ ಬಳಸಲು ಪ್ರತ್ಯೇಕ ಆ್ಯಪ್ ಇದೆ. ಎಲ್ಲವೂ ಉಚಿತ. ಇದು ಮಕ್ಕಳಿಗೆ ಮಾತ್ರ ಎಂಬ ಭಾವನೆ ಸರಿಯಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಸಿದ್ಧ ಸಿಎಸ್50 ಕೋರ್ಸ್ ಆರಂಭವಾಗುವುದು ಸ್ಕ್ರ್ಯಾಚ್‌ನಿಂದಲೇ. 5ರಿಂದ 7 ವರ್ಷದವರಿಗಾಗಿ 2014ರಲ್ಲಿ ಸ್ಕ್ರ್ಯಾಚ್ ಜೂನಿಯರ್ ಬಂತು. ಇದರ ಬ್ಲಾಕ್‌ಗಳಲ್ಲಿ ಚಿತ್ರಗಳೇ ಇರುವುದರಿಂದ ಓದು ಬಾರದ ಮಗುವೂ ಬಳಸಬಹುದು.

ಮೈಕ್ರೋಸಾಫ್ಟ್‌ನ ಮೇಕ್‌ಕೋಡ್ ಆರ್ಕೇಡ್ ಬ್ರೌಸರ್‌ನಲ್ಲಿ ನಡೆಯುವ ಇನ್ನೊಂದು ಬ್ಲಾಕ್ ಸಾಧನ. ಕಟ್ಟಿದ ಬ್ಲಾಕ್‌ಗಳನ್ನು ಜಾವಾಸ್ಕ್ರಿಪ್ಟ್ ಅಥವಾ ಪೈಥಾನ್ ರೂಪದಲ್ಲಿ ನೋಡುವ ಸೌಲಭ್ಯ ಇರುವುದರಿಂದ ಬರೆಯುವ ಕೋಡಿಗೆ ದಾಟಲು ಇದು ಅನುಕೂಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪಾಕೆಟ್ ಕೋಡ್ ಇದೆ. ಆಂಡ್ರಾಯ್ಡ್ ಫೋನಿನಲ್ಲೇ ಆಟ ಕಟ್ಟಿ ಅಲ್ಲೇ ಆಡಿ ನೋಡಬಹುದು.

ಕೋಡ್ ಕಡಿಮೆ ಬೇಡುವ ತಂತ್ರಾಂಶಗಳು

ಇವು ನಿರ್ದಿಷ್ಟ ಬಗೆಯ ಆಟಗಳನ್ನು ಬೇಗ ಮಾಡಿಸುವ ಸಾಧನಗಳು. ಕಥೆ ಹೇಳುವ ಆಸೆ ಇದ್ದವರಿಗೆ ಕ್ರಿಸ್ ಕ್ಲಿಮಾಸ್ 2009ರಲ್ಲಿ ಹೊರತಂದ ಟ್ವೈನ್ ಸರಳವಾದದ್ದು. ಓದುಗರು ಒಂದೊಂದು ಘಟ್ಟದಲ್ಲಿ ಆಯ್ಕೆ ಮಾಡುತ್ತ ಹೋದಂತೆ ಕಥೆ ಕವಲೊಡೆಯುತ್ತದೆ. ಕೊನೆಗೆ ಸಿಗುವುದು ಯಾವ ಬ್ರೌಸರ್‌ನಲ್ಲೂ ತೆರೆಯುವ ಒಂದು ಕಡತ. ಚಿತ್ರ ಮತ್ತು ಸಂಭಾಷಣೆ ಸೇರಿದ ದೃಶ್ಯ ಕಾದಂಬರಿಗಳಿಗೆ ಟಾಮ್ ರೋಥಾಮೆಲ್ ರೂಪಿಸಿದ ರೆನ್‌ಪೈ ಇದೆ. ಜಪಾನಿನಲ್ಲಿ ಹುಟ್ಟಿದ ಆರ್‌ಪಿಜಿ ಮೇಕರ್ ಊರು, ಸಂವಾದ, ಕಾಳಗ ಇರುವ ಕಥಾ ಆಟಗಳ ಚೌಕಟ್ಟನ್ನು ಸಿದ್ಧ ರೂಪದಲ್ಲಿ ಕೊಡುತ್ತದೆ. 2011ರ ‘ಟು ದ ಮೂನ್’ ಇದರಲ್ಲೇ ತಯಾರಾಯಿತು.

ಓಟ, ನೆಗೆತ, ಗುರಿ ಹೊಡೆಯುವುದು ಮುಂತಾದ ಎರಡು ಆಯಾಮದ ಆಟಗಳಿಗೆ ಕನ್‌ಸ್ಟ್ರಕ್ಟ್ ಮತ್ತು ಜಿಡೆವಲಪ್ ಸೂಕ್ತ. ‘ಗುಂಡು ಶತ್ರುವಿಗೆ ತಾಗಿದರೆ, ಶತ್ರುವನ್ನು ಅಳಿಸು, ಅಂಕಕ್ಕೆ 10 ಸೇರಿಸು’ ಎಂಬಂತೆ ಷರತ್ತು ಮತ್ತು ಕ್ರಿಯೆಗಳ ಪಟ್ಟಿ ಮಾಡುತ್ತ ಹೋದರೆ ಆಟ ಸಿದ್ಧವಾಗುತ್ತದೆ. ಜಿಡೆವಲಪ್ ಓಪನ್ ಸೋರ್ಸ್, ಅಂದರೆ ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಕನ್‌ಸ್ಟ್ರಕ್ಟ್‌ನ ಪೂರ್ಣ ಬಳಕೆಗೆ ಚಂದಾ ಕೊಡಬೇಕು.

ಈ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ದೂರ ಕರೆದೊಯ್ಯಬಲ್ಲದ್ದು ಗೇಮ್‌ಮೇಕರ್. ಆರಂಭದಲ್ಲಿ ದೃಶ್ಯ ರೂಪದ ಆದೇಶಗಳಿಂದ ಹೊರಟು ನಿಧಾನವಾಗಿ ಅದರ ಸ್ವಂತ ಭಾಷೆಯಾದ ಜಿಎಂಎಲ್‌ಗೆ ಬರಬಹುದು. ‘ಹಾಟ್‌ಲೈನ್ ಮಯಾಮಿ’ (2012) ಮತ್ತು ಟೋಬಿ ಫಾಕ್ಸ್ ಅವರ ‘ಅಂಡರ್‌ಟೇಲ್’ (2015) ಇದರಲ್ಲಿ ಮಾಡಿದವು. 2023ರ ನವೆಂಬರ್‌ನಿಂದ ವಾಣಿಜ್ಯೇತರ ಬಳಕೆಗೆ ಇದು ಉಚಿತವಾಗಿದೆ.

ಬರೆದು ಕಲಿಯುವ ಭಾಷೆಗಳು

ಆಟದ ಜೊತೆಗೆ ಪ್ರೋಗ್ರಾಮಿಂಗ್ ಸಹ ಗಟ್ಟಿಯಾಗಿ ಬರಬೇಕು ಎನ್ನುವವರು ಈ ದಾರಿ ಹಿಡಿಯುತ್ತಾರೆ. ಗೀಡೊ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಇವುಗಳಲ್ಲಿ ಮೊದಲ ಆಯ್ಕೆ. ಭಾಷೆ ಕಾದಿರಿಸಿಕೊಂಡಿರುವ ಪದಗಳು 35 ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕೋಡಿನ ಇಂಗ್ಲಿಷ್ ಒಂದು ಗೋಡೆಯಂತೆ ಕಾಣುವುದುಂಟು. ಆದರೆ ನಿತ್ಯ ಬಳಸುವ ಪದಗಳು ಇವುಗಳಲ್ಲೂ ಹದಿನೈದಿಪ್ಪತ್ತನ್ನು ಮೀರುವುದು ಅಪರೂಪ. ಅರ್ಥ ತಿಳಿದು ನಾಲ್ಕು ದಿನ ಬಳಸಿದರೆ ಕೈಗೆ ಒಗ್ಗುತ್ತವೆ. ಟಿಪ್ಪಣಿಗಳನ್ನೂ ಪರದೆಯ ಮೇಲಿನ ಮಾತುಗಳನ್ನೂ ಕನ್ನಡದಲ್ಲೇ ಬರೆದುಕೊಳ್ಳಬಹುದು. ಪೈಥಾನ್ ಮೂರರಲ್ಲಿ ವೇರಿಯಬಲ್‌ಗಳಿಗೂ ಕನ್ನಡ ಹೆಸರು ಇಡಲು ಅವಕಾಶ ಇದೆ.

ಪೈಥಾನ್‌ನಲ್ಲಿ ಆಟ ಬರೆಯಲು 2000ನೇ ಇಸವಿಯಲ್ಲಿ ಬಂದ ಪೈಗೇಮ್ ಲೈಬ್ರರಿ ಹೆಚ್ಚು ಬಳಕೆಯಲ್ಲಿದೆ. ಗೇಮ್ ಲೂಪನ್ನು ಇಲ್ಲಿ ಕಲಿಯುವವರೇ ಬರೆಯಬೇಕು. ಆರಂಭದಲ್ಲಿ ಇದು ಕಷ್ಟ ಅನಿಸಿದರೂ, ಆಟ ಹೇಗೆ ನಡೆಯುತ್ತದೆ ಎಂಬುದು ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ತೀರಾ ಹೊಸಬರಿಗಾಗಿ ಲೂಪನ್ನು ತಾನೇ ನಡೆಸಿಕೊಂಡು ಹೋಗುವ ಪೈಗೇಮ್ ಝೀರೊ ಇದೆ. ಪೈಥಾನ್ ಆಟಗಳನ್ನು ಮೊಬೈಲಿಗೆ ಸಾಗಿಸುವುದು ಸುಲಭವಲ್ಲ ಎಂಬುದು ಈ ದಾರಿಯ ಮಿತಿ.

1993ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ ಲುವಾ ಪುಟ್ಟ ಭಾಷೆ, ವೇಗದ ಭಾಷೆ. ಇದನ್ನು ಬಳಸುವ ಲವ್ ಎಂಬ ಉಚಿತ ಚೌಕಟ್ಟಿನಲ್ಲಿ ತಯಾರಾದ ‘ಬಲಾಟ್ರೊ’ 2024ರ ಬಹು ಜನಪ್ರಿಯ ಆಟಗಳಲ್ಲಿ ಒಂದು. ಪಿಕೊ-8 ಎಂಬ ಕಲ್ಪಿತ ಯಂತ್ರದ ಭಾಷೆಯೂ ಲುವಾ. ಅದರ ಪರದೆ 128ಕ್ಕೆ 128 ಪಿಕ್ಸೆಲ್, ಬಣ್ಣಗಳು 16. ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಅದರೊಳಗೇ ಮಾಡಬೇಕು. ಮಿತಿ ಇಷ್ಟು ಬಿಗಿಯಾಗಿರುವುದರಿಂದ ಹೊಸಬರ ಯೋಜನೆ ಕೈಮೀರಿ ಬೆಳೆಯುವುದಿಲ್ಲ. 2018ರಲ್ಲಿ ಹೆಸರು ಮಾಡಿದ ‘ಸೆಲೆಸ್ಟ್’ ಮೂಲತಃ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಪಿಕೊ-8ರಲ್ಲಿ ನಾಲ್ಕು ದಿನಗಳಲ್ಲಿ ಕಟ್ಟಿದ ಪುಟ್ಟ ಆಟವಾಗಿತ್ತು.

ಜಾವಾಸ್ಕ್ರಿಪ್ಟ್ ಎಲ್ಲ ಬ್ರೌಸರ್‌ಗಳಲ್ಲೂ ನಡೆಯುತ್ತದೆ. ಒಂದು ಕೊಂಡಿ ಕಳಿಸಿದರೆ ಸಾಕು, ಗೆಳೆಯರು ಫೋನಿನಲ್ಲೇ ಆಡಬಹುದು. ಚಿತ್ರ ಬಿಡಿಸುತ್ತ ಕಲಿಯಲು ಪಿ5, ಆಟಗಳಿಗೆಂದೇ ಫೇಸರ್ ಎಂಬ ಲೈಬ್ರರಿಗಳಿವೆ. ಇನ್ನು ಸಿ++ನಿಂದಲೇ ಆರಂಭಿಸಬೇಕು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ದೊಡ್ಡ ಎಂಜಿನ್‌ಗಳ ಒಡಲು ಆ ಭಾಷೆಯಲ್ಲಿರುವುದು ನಿಜ. ಆದರೆ ಮೆಮೊರಿ ನಿರ್ವಹಣೆಯ ತೊಡಕಿನಲ್ಲಿ ಸಿಕ್ಕಿಕೊಂಡ ಹೊಸಬರು ಆಟದ ಹತ್ತಿರಕ್ಕೂ ಬಾರದೆ ಕೈಬಿಡುವ ಸಂಭವ ಹೆಚ್ಚು. ಅದನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಯುವುದು ಒಳ್ಳೆಯದು.

ಪೂರ್ಣ ಪ್ರಮಾಣದ ಎಂಜಿನ್‌ಗಳು

ಅರ್ಜೆಂಟೀನಾದ ಹ್ವಾನ್ ಲಿನಿಯೆಟ್ಸ್ಕಿ ಮತ್ತು ಆರಿಯೆಲ್ ಮಾನ್ಸೂರ್ ಆರಂಭಿಸಿದ ಗೊಡೊ 2014ರಲ್ಲಿ ಓಪನ್ ಸೋರ್ಸ್ ಆಯಿತು. ಡೌನ್‌ಲೋಡ್ ಚಿಕ್ಕದು, ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಕಡತ ಬಿಚ್ಚಿ ತೆರೆದರೆ ಆಯಿತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲೂ ಎರಡು ಆಯಾಮದ ಆಟಗಳಿಗೆ ತೊಂದರೆ ಕೊಡುವುದಿಲ್ಲ. ಇದರ ಜಿಡಿಸ್ಕ್ರಿಪ್ಟ್ ಭಾಷೆ ಪೈಥಾನ್ ಬಲ್ಲವರಿಗೆ ಪರಿಚಿತ ಅನಿಸುತ್ತದೆ.

2005ರಲ್ಲಿ ಬಿಡುಗಡೆಯಾದ ಯೂನಿಟಿ ಸಿ ಶಾರ್ಪ್ ಭಾಷೆಯನ್ನು ಬಳಸುತ್ತದೆ. ಮೊಬೈಲ್ ಆಟಗಳ ಉದ್ಯಮದಲ್ಲಿ ಇದರ ಬಳಕೆ ಬಹಳ. ಪಾಠಗಳು, ವಿಡಿಯೊಗಳು ಹೇರಳವಾಗಿವೆ. ‘ಹಾಲೋ ನೈಟ್’ (2017) ಇದರಲ್ಲಿ ತಯಾರಾದ ಆಟ. ಎಪಿಕ್ ಗೇಮ್ಸ್‌ನ ಅನ್‌ರಿಯಲ್ ಮೂರು ಆಯಾಮದ ಭವ್ಯ ದೃಶ್ಯಗಳಿಗೆ ಹೆಸರುವಾಸಿ. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆ 2020ರಲ್ಲಿ ತಂದ ‘ರಾಜಿ’ ಇದರಲ್ಲಿ ಮಾಡಿದ್ದು. ಬ್ಲೂಪ್ರಿಂಟ್ ಎಂಬ ದೃಶ್ಯ ಪದ್ಧತಿಯಿಂದ ಕೋಡ್ ಬರೆಯದೆಯೂ ಕೆಲಸ ಸಾಗುತ್ತದೆ. ಆದರೆ ಇದಕ್ಕೆ ಹತ್ತಾರು ಗಿಗಾಬೈಟ್ ಜಾಗ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಮೊದಲ ಆಟಕ್ಕೆ ಇದು ಮಿತಿಮೀರಿದ ಸಿದ್ಧತೆ.

ಎಂಜಿನ್‌ಗಳಲ್ಲಿ ಹೊಸಬರು ಎಡವುವ ಒಂದು ಜಾಗ ಫ್ರೇಮ್‌ಗಳ, ಅಂದರೆ ಪ್ರತಿ ಸುತ್ತಿನಲ್ಲಿ ಬಿಡಿಸುವ ಚಿತ್ರಗಳ, ಲೆಕ್ಕ. ಪ್ರತಿ ಫ್ರೇಮಿಗೆ 5 ಪಿಕ್ಸೆಲ್ ಸರಿಯುವಂತೆ ಬರೆದ ಪಾತ್ರ ಸೆಕೆಂಡಿಗೆ 60 ಫ್ರೇಮ್ ಬಿಡಿಸುವ ಯಂತ್ರದಲ್ಲಿ 300 ಪಿಕ್ಸೆಲ್ ಓಡಿದರೆ, 30 ಫ್ರೇಮಿನ ಹಳೆಯ ಯಂತ್ರದಲ್ಲಿ 150 ಮಾತ್ರ ಓಡುತ್ತದೆ. ಆಟ ಒಬ್ಬರಿಗೆ ಸುಲಭ, ಇನ್ನೊಬ್ಬರಿಗೆ ಕಷ್ಟವಾಗುತ್ತದೆ. ಹಿಂದಿನ ಫ್ರೇಮಿನಿಂದ ಕಳೆದ ಸಮಯವನ್ನು ಎಂಜಿನ್ ‘ಡೆಲ್ಟಾ’ ಎಂಬ ಹೆಸರಿನಲ್ಲಿ ಕೊಡುತ್ತದೆ. ವೇಗವನ್ನು ಸೆಕೆಂಡಿಗೆ 300 ಎಂದು ಇಟ್ಟು ಡೆಲ್ಟಾದಿಂದ ಗುಣಿಸಿದರೆ ಎರಡೂ ಯಂತ್ರಗಳಲ್ಲಿ ಓಟ ಸಮನಾಗುತ್ತದೆ.

ಪರದೆಯ ಮೇಲೆ ಕನ್ನಡ

ಕನ್ನಡದಲ್ಲಿ ಆಟ ಮಾಡುವವರು ಸಾಧನ ಆರಿಸುವ ಮೊದಲೇ ಪರೀಕ್ಷಿಸಬೇಕಾದ ಸಂಗತಿ ಅಕ್ಷರ ಮೂಡುವ ಬಗೆ. ‘ಸ್ಕೋರ್’ ಎಂಬುದನ್ನು ಯುನಿಕೋಡ್‌ನಲ್ಲಿ ಸ, ಹಲಂತ, ಕ, ಓತ್ವದ ಚಿಹ್ನೆ, ರ, ಹಲಂತ ಎಂಬ ಸರಣಿಯಾಗಿ ಇಡಲಾಗುತ್ತದೆ. ಪರದೆಯ ಮೇಲೆ ಮಾತ್ರ ‘ಕ’ ಒತ್ತಾಗಿ ಕೆಳಗಿಳಿಯಬೇಕು, ಅದರ ನಂತರ ಬಂದ ಓತ್ವ ಮೊದಲಿನ ‘ಸ’ಕಾರಕ್ಕೆ ಕೂಡಬೇಕು. ಈ ಮರುಜೋಡಣೆಯನ್ನು ಮಾಡುವ ಭಾಗ ತಂತ್ರಾಂಶದಲ್ಲಿ ಇಲ್ಲದಿದ್ದರೆ ಒಳ್ಳೆಯ ಫಾಂಟ್ ಇದ್ದರೂ ಪದ ಬಿಡಿಬಿಡಿಯಾಗಿ ಒಡೆದು ಕಾಣುತ್ತದೆ.

ಬ್ರೌಸರ್ ತಾನೇ ಅಕ್ಷರ ಬಿಡಿಸುವ ಟ್ವೈನ್ ಮತ್ತು ಜಾವಾಸ್ಕ್ರಿಪ್ಟ್ ಆಟಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಗೊಡೊ 2023ರ ನಾಲ್ಕನೇ ಆವೃತ್ತಿಯಿಂದ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ಲೈಬ್ರರಿಯನ್ನು ಅಳವಡಿಸಿಕೊಂಡಿರುವುದರಿಂದ ಅಲ್ಲಿಯೂ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ಯೂನಿಟಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ಮತ್ತು ಪೈಗೇಮ್‌ನ ಹಳೆಯ ಆವೃತ್ತಿಗಳಲ್ಲಿ ಈ ತೊಡಕು ಇದೆ. ಅಂಥ ಕಡೆ ‘ಗೆದ್ದಿರಿ’, ‘ಮತ್ತೆ ಆಡಿ’ ಎಂಬಂಥ ಮಾತುಗಳನ್ನು ಚಿತ್ರಗಳಾಗಿ ಮಾಡಿ ಬಳಸುವುದು ನಡೆದುಬಂದ ಉಪಾಯ. ಮೊದಲ ದಿನವೇ ಒತ್ತಕ್ಷರ ಇರುವ ಒಂದು ವಾಕ್ಯವನ್ನು ಪರದೆಗೆ ತಂದು ನೋಡಿಕೊಂಡರೆ ಮುಂದೆ ಪಶ್ಚಾತ್ತಾಪ ಪಡಬೇಕಾಗಿಲ್ಲ. ನಮ್ಮ ಮಕ್ಕಳು ತಮ್ಮ ನುಡಿಯಲ್ಲಿ ಆಟ ಮಾಡಿ ಆಡಬೇಕಾದರೆ ಇದು ಕಡೆಗಣಿಸುವ ವಿಷಯವಲ್ಲ.

ವೆಚ್ಚ ಮತ್ತು ಪರವಾನಗಿ

ಉಚಿತ ಎಂಬ ಮಾತಿಗೆ ಬೇರೆ ಬೇರೆ ಅರ್ಥಗಳಿವೆ. ಗೊಡೊ, ಜಿಡೆವಲಪ್, ಪೈಗೇಮ್‌ಗಳು ಓಪನ್ ಸೋರ್ಸ್. ಮಾಡಿದ ಆಟವನ್ನು ಮಾರಿದರೂ ಗೊಡೊಗೆ ಪಾಲು ಕೊಡಬೇಕಾಗಿಲ್ಲ. ಯೂನಿಟಿ ಒಂದು ಆದಾಯ ಮಿತಿಯವರೆಗೆ ಉಚಿತ. ಅನ್‌ರಿಯಲ್‌ನಲ್ಲಿ ಮಾಡಿದ ಆಟ 10 ಲಕ್ಷ ಡಾಲರ್‌ಗಿಂತ ಹೆಚ್ಚು ಗಳಿಸಿದರೆ ಹೆಚ್ಚುವರಿ ಮೊತ್ತದ ಮೇಲೆ ಸಾಮಾನ್ಯವಾಗಿ ಶೇ. 5 ರಾಯಧನ ಸಲ್ಲಬೇಕು. ಷರತ್ತುಗಳು ಬದಲಾಗುವುದೂ ಉಂಟು. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಆಟದ ಇನ್‌ಸ್ಟಾಲ್‌ಗಳ ಸಂಖ್ಯೆಯ ಆಧಾರದ ಮೇಲೆ ಶುಲ್ಕ ಘೋಷಿಸಿತು. ತಯಾರಕರಿಂದ ತೀವ್ರ ವಿರೋಧ ಬಂದು ಮರುವರ್ಷ ಅದನ್ನು ರದ್ದುಪಡಿಸಿತು. ಅನೇಕರು ಗೊಡೊ ಕಡೆ ಹೊರಳಲು ಈ ಘಟನೆ ಕಾರಣವಾಯಿತು. ಚಿತ್ರ ಮತ್ತು ಸದ್ದುಗಳಿಗೂ ಇದೇ ಎಚ್ಚರ ಬೇಕು. ಇಂಟರ್‌ನೆಟ್‌ನಲ್ಲಿ ಕಂಡದ್ದನ್ನೆಲ್ಲ ಎತ್ತಿಕೊಳ್ಳುವಂತಿಲ್ಲ. ಓಪನ್‌ಗೇಮ್‌ಆರ್ಟ್‌ನಂಥ ಸಂಗ್ರಹಗಳಲ್ಲಿ ಮುಕ್ತ ಪರವಾನಗಿಯ ಸಾಮಗ್ರಿ ಸಿಗುತ್ತದೆ.

ಆಯ್ಕೆಯ ಕ್ರಮ

ಮೊದಲು ಆಟವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು: ಮೇಲಿನಿಂದ ಬೀಳುವ ಹಣ್ಣುಗಳನ್ನು ಬುಟ್ಟಿಯಲ್ಲಿ ಹಿಡಿಯುವುದು, ಎರಡು ಬ್ಯಾಟ್‌ಗಳ ನಡುವೆ ಚೆಂಡು ಪುಟಿಯುವುದು. ಸರದಿಯ ಮೇಲೆ ಆಡುವ ಚೌಕಾಬಾರದಂಥ ಮಣೆಯಾಟಗಳೂ ಒಳ್ಳೆಯ ಆಯ್ಕೆ. ಅಲ್ಲಿ ವೇಗ, ಗುರುತ್ವಗಳ ಲೆಕ್ಕ ಇಲ್ಲ. ಯಾವ ಕಾಯಿ ಯಾವ ಮನೆಯಲ್ಲಿದೆ ಎಂಬ ಪಟ್ಟಿ ಮತ್ತು ಕವಡೆಯ ಬದಲಿಗೆ ಒಂದು ಯಾದೃಚ್ಛಿಕ ಸಂಖ್ಯೆ ಇದ್ದರೆ ಆಟ ನಡೆಯುತ್ತದೆ. ಹಲವರು ಏಕಕಾಲಕ್ಕೆ ಆನ್‌ಲೈನ್‌ನಲ್ಲಿ ಆಡುವ ಆಟ, ವಿಶಾಲ ಮೂರು ಆಯಾಮದ ಜಗತ್ತು ಇವನ್ನು ಆರಂಭದಲ್ಲಿ ಮುಟ್ಟಬಾರದು. ಎಲ್ಲ ಆಟಗಾರರ ಪರದೆಗಳನ್ನು ಹೊಂದಿಸಿ ಇಡುವ ಒಂದೇ ಕೆಲಸ ಅನುಭವಿಗಳನ್ನೂ ಹೈರಾಣಾಗಿಸುತ್ತದೆ.

ಆಮೇಲೆ ಸಾಧನ. ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ ಸ್ಕ್ರ್ಯಾಚ್, ಫೋನ್ ಮಾತ್ರ ಇದ್ದವರಿಗೆ ಪಾಕೆಟ್ ಕೋಡ್, ಕಥೆಗಾರರಿಗೆ ಟ್ವೈನ್, ಪ್ರೋಗ್ರಾಮಿಂಗ್ ವೃತ್ತಿಯ ಕಡೆ ಕಣ್ಣಿಟ್ಟವರಿಗೆ ಪೈಥಾನ್ ಮತ್ತು ಪೈಗೇಮ್, ಪ್ರಕಟಿಸುವ ಮಟ್ಟದ ಎರಡು ಆಯಾಮದ ಆಟ ಬೇಕೆನ್ನುವ ಕಾಲೇಜು ವಿದ್ಯಾರ್ಥಿಗಳಿಗೆ ಮತ್ತು ವಯಸ್ಕರಿಗೆ ಗೊಡೊ ಅಥವಾ ಗೇಮ್‌ಮೇಕರ್, ಗೇಮ್ ಕಂಪನಿಯಲ್ಲಿ ಉದ್ಯೋಗ ಬಯಸುವವರಿಗೆ, ಒಂದೆರಡು ಚಿಕ್ಕ ಆಟ ಮುಗಿಸಿದ ಬಳಿಕ, ಯೂನಿಟಿ ಅಥವಾ ಅನ್‌ರಿಯಲ್. ಆರಿಸಿದ ಮೇಲೆ ಮೊದಲ ಆಟ ಮುಗಿಯುವವರೆಗೂ ಸಾಧನ ಬದಲಿಸದಿರುವುದು ಮುಖ್ಯ. ಅರ್ಧಕ್ಕೆ ಬಿಟ್ಟ ಐದು ಯೋಜನೆಗಳಿಗಿಂತ ಮುಗಿಸಿದ ಒಂದು ಆಟ ಹೆಚ್ಚು ಕಲಿಸುತ್ತದೆ. ಆರಂಭದ ಪರದೆ, ಸೋಲು, ಗೆಲುವು, ಮತ್ತೆ ಆಡುವ ಗುಂಡಿ ಇವೆಲ್ಲ ಕೈಗೂಡುವುದು ಕೊನೆಯ ಹಂತದಲ್ಲಿ. 2002ರಿಂದ ನಡೆಯುತ್ತಿರುವ ಲುಡುಂ ಡೇರ್‌ನಂಥ ಗೇಮ್ ಜ್ಯಾಮ್‌ಗಳು (ಆಟ ಕಟ್ಟುವ ಕೂಟಗಳು) 48 ಗಂಟೆಗಳ ಗಡುವು ಹಾಕುವ ಮೂಲಕ ಈ ಮುಗಿಸುವ ಅಭ್ಯಾಸವನ್ನೇ ರೂಢಿಸುತ್ತವೆ. ತಯಾರಾದ ಆಟವನ್ನು ಇಚ್ ತಾಣದಲ್ಲಿ ಉಚಿತವಾಗಿ ಪ್ರಕಟಿಸಬಹುದು.

ಚಿಕ್ಕ ಆಟದಿಂದ ಆರಂಭಿಸುವುದಕ್ಕೆ ಹಳೆಯ ನಿದರ್ಶನವೊಂದಿದೆ. 1972ರಲ್ಲಿ ಅಟಾರಿ ಸಂಸ್ಥೆಗೆ ಹೊಸದಾಗಿ ಸೇರಿದ ಎಂಜಿನಿಯರ್ ಆಲನ್ ಆಲ್‌ಕಾರ್ನ್ ಅವರಿಗೆ ನೋಲನ್ ಬುಶ್ನೆಲ್ ಕೊಟ್ಟ ಮೊದಲ ಕೆಲಸ, ಕೈ ಪಳಗಲೆಂದು ಒಂದು ಸರಳ ಟೆನಿಸ್ ಆಟ ಕಟ್ಟುವುದು. ಆಲ್‌ಕಾರ್ನ್ ಅವರಿಗೆ ಆವರೆಗೆ ವಿಡಿಯೊ ಗೇಮ್ ಮಾಡಿದ ಅನುಭವ ಇರಲಿಲ್ಲ. ಆ ಅಭ್ಯಾಸದಿಂದ ಹೊರಬಂದ ‘ಪಾಂಗ್’ ಒಂದು ಉದ್ಯಮವನ್ನೇ ಎಬ್ಬಿಸಿತು. ಚೆಂಡು, ಎರಡು ಬ್ಯಾಟ್, ಅಂಕದ ಫಲಕ ಇಷ್ಟೇ ಇದ್ದ ಅದೇ ಆಟ ಇಂದಿಗೂ ಹೊಸಬರಿಗೆ ಕೊಡಬಹುದಾದ ಉತ್ತಮ ಮೊದಲ ಅಭ್ಯಾಸವಾಗಿದೆ. ಮೇಲೆ ಹೇಳಿದ ಬಹುಪಾಲು ಸಾಧನಗಳಲ್ಲಿ ಅದನ್ನು ಒಂದೆರಡು ವಾರದ ಬಿಡುವಿನಲ್ಲಿ ಮುಗಿಸಬಹುದು.